ಮನಿಯವ್ರನ್ನ ಕೇಳಿ ಬರ್ತೀನ್ರಿ

ನಮ್ಮ ಓದುಬಳಗದಲ್ಲಿ ಈಗ ಚಾಲ್ತಿಯಲ್ಲಿರುವ ಕತೆ ಹೀಗಿದೆ. ನನ್ನ ಗೆಳೆಯ ನನ್ನ ತಾಯಿಯ ಬದುಕಿನ ಒಂದು ಸಂಗತಿಯನ್ನು ಹಾಡು ಮಾಡಿದ. ಬದುಕಿರುವವರನ್ನು ಪಾತ್ರ ಮಾಡಬಾರದು ಎಂಬ ತತ್ವಕ್ಕೆ ಕಟ್ಟುಬಿದ್ದು ನಾನು ಅವನೊಂದಿಗೆ ಮಾತು ಬಿಟ್ಟೆ. ಕೇಳಲು ಚೆನ್ನಾಗಿದೆ. ಬಳಗದ ಇಬ್ಬರು ಆಂಟಿಯರು ನನ್ನ ಬೆನ್ನು ತಟ್ಟಿದ್ದೂ ಆಯಿತು: "ಅಮ್ಮನ ಮರ್ಯಾದೆ ಕಾಪಾಡಿದೆ ಮಗಳೇ." ಇನ್ನೊಂದು ಕತೆಯೂ ಇದೆ. ಅದರ ಪ್ರಕಾರ ಇದು ಘಟ್ಟದ ಮೇಲಿನವರ ಮತ್ತು ಕೆಳಗಿನವರ ಜಗಳ. ಅವನು ಉಡುಪಿ ಕಡೆಯವನು, ನಾವು ಗದಗಿನವರು, ಇಷ್ಟು ಸಾಕಲ್ಲ. ಮೂರನೆಯದು ಪ್ರೇಮದ ಕತೆ. ಕುವೈತಿನಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿ ಒಂದೇ ಕಾರಿನಿಂದ ಇಳಿದರೆ ಅದು ತಾನಾಗಿಯೇ ಹುಟ್ಟುತ್ತದೆ. ಅದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ.

ಮೂರೂ ತಪ್ಪು. ಮೊದಲನೆಯದಂತೂ ನನಗೆ ಅನುಕೂಲವಾಗಿರುವುದರಿಂದಲೇ ಹೆಚ್ಚು ತಪ್ಪು. ತತ್ವ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದು ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಕಿಚ್ಚು.

ಹೊಟ್ಟೆಕಿಚ್ಚು ಯಾವುದರ ಮೇಲೆ ಎಂದು ಕೇಳಿದರೆ, ಅವನ ಹಾಡಿನ ಮೇಲಲ್ಲ. ಅವನು ಶಾಲೆಯ ದಿನಗಳಿಂದಲೂ ಹಾಡು ಕಟ್ಟುತ್ತಾನೆ. ನಾವಿಬ್ಬರೂ ಒಂದೇ ಚರ್ಚಾತಂಡದಲ್ಲಿದ್ದೆವು. ಮಂಡನೆ ನನ್ನದು, ಖಂಡನೆಯೂ ನನ್ನದೇ. ಅವನ ಕೆಲಸ ಎದುರಿನವರು ಹೇಳಿದ್ದನ್ನು ಕೇಳಿಸಿಕೊಂಡು ಚೀಟಿಯಲ್ಲಿ ಬರೆದು ನನಗೆ ದಾಟಿಸುವುದು. ನಾನು ಎದುರಿನವರನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಬೇಕಿರಲಿಲ್ಲ, ಅವನಿದ್ದನಲ್ಲ. ಅವನ ಅಪ್ಪ ಅಮ್ಮ ಊರಿಗೆ ಮರಳಿದ ಮೇಲೆ ಅವನು ಇಲ್ಲೇ ಕುವೈತಿನ ಅಬು ಹಲೀಫಾದ ಒಂದು ಹೋಟೆಲಿನ ಆಫೀಸಿನಲ್ಲಿ ಕೆಲಸ ಹಿಡಿದು, ನಾಲ್ಕು ಜನರ ಜೊತೆ ಒಂದು ಫ್ಲ್ಯಾಟಿನಲ್ಲಿ ಉಳಿದುಕೊಂಡ. ಸಂಜೆ ಲ್ಯಾಪ್‌ಟಾಪಿನಲ್ಲಿ ತಾಳ ಕೂಡಿಸಿ ಹಾಡು ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಾನೆ. ಕೇಳುವವರೂ ಇದ್ದಾರೆ. ಪ್ರತಿ ಹಾಡನ್ನೂ ಮೊದಲು ನನಗೆ ಕಳಿಸುತ್ತಿದ್ದ. ನಾನು ತಪ್ಪು ಹುಡುಕುತ್ತಿದ್ದೆ, ಅವನು ತಿದ್ದುತ್ತಿದ್ದ.

ಈ ಹಾಡನ್ನು ಮಾತ್ರ ಕಳಿಸಲಿಲ್ಲ.

ರಜೆಯ ದಿನವಾದ ಶುಕ್ರವಾರ ಮಧ್ಯಾಹ್ನ ಅವನು ಅಹ್ಮದಿಯ ನಮ್ಮ ಮನೆಗೆ ಊಟಕ್ಕೆ ಬರುವುದು ವರ್ಷಗಳಿಂದ ನಡೆದುಬಂದದ್ದು. ಮಮ್ಮಿ ಶುಕ್ರವಾರ ಮಾತ್ರ ಜೋಳದ ರೊಟ್ಟಿ ಮಾಡುತ್ತಾಳೆ. ಜೋಳದ ಹಿಟ್ಟು ಊರಿನಿಂದ ಸೂಟ್‌ಕೇಸಿನಲ್ಲಿ ಬರಬೇಕು. ಹಳತಾದರೆ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ಹಾಗಾಗಿ ಊರಿಂದ ಯಾರಾದರೂ ಬಂದ ಹೊಸದರಲ್ಲಿ ನಮ್ಮನೆ ರೊಟ್ಟಿ ಚಂದ್ರನ ಹಾಗಿರುತ್ತದೆ, ಬರಬರುತ್ತಾ ಭೂಪಟದ ಹಾಗೆ. ಮೊದಲ ಸಲ ಬಂದಾಗ ಅವನು, "ಇದೆಂತ ಆಂಟಿ, ಪೇಪರಾ?" ಎಂದಿದ್ದ. ಮಮ್ಮಿ ನಕ್ಕು, "ಪೇಪರ್ ಓದ್ತಾರೋ ತಮ್ಮಾ, ಇದನ್ನ ತಿಂತಾರ" ಎಂದು ಇನ್ನೊಂದು ಹಾಕಿದಳು. ಆಮೇಲೆ ಅವನು ಹಾಲಿನಲ್ಲಿ ಕೂರುವುದನ್ನು ಬಿಟ್ಟ. ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ಒಂದು ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಇದೆ, ಮೇಲಿನ ಡಬ್ಬಿ ತೆಗೆಯಲು ಹತ್ತುವುದು. ಅದರ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕುಳಿತು ತಿನ್ನುತ್ತಿದ್ದ. "ಆಂಟಿ" ಯಾವಾಗ "ಅವ್ವಾ" ಆಯಿತೋ ನಾನು ಗಮನಿಸಲಿಲ್ಲ. ನಾನು ಹುಟ್ಟಿದಾಗಿನಿಂದ ಕರೆಯುವುದು ಮಮ್ಮಿ ಎಂದೇ.

ನಾನಾಗ ಎಲ್ಲಿದ್ದೆ? ಹಾಲಿನ ಸೋಫಾದಲ್ಲಿ. ಅಡುಗೆಮನೆಗೂ ಸೋಫಾಕ್ಕೂ ನಡುವೆ ಬಾಗಿಲೂ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಾಹಿತ್ಯದ ಮೇಲಿನ ಪಾಡ್‌ಕಾಸ್ಟ್ ಕೇಳುತ್ತಿದ್ದೆ. ಸಂಜೆ ಬಳಗದಲ್ಲಿ ಮಾತಾಡಬೇಕಿತ್ತಲ್ಲ.

ಬಳಗ ಸೇರುವುದು ಹವಲ್ಲಿಯ ಒಂದು ಹಳೆಯ ಕಟ್ಟಡದಲ್ಲಿ, ಹಿರಿಯರೊಬ್ಬರ ಫ್ಲ್ಯಾಟಿನಲ್ಲಿ. ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡುವ ಅವರನ್ನು ನಾವೆಲ್ಲ ಅಂಕಲ್ ಎನ್ನುತ್ತೇವೆ. ಹತ್ತು ಹದಿನೈದು ಜನ, ಒಂದು ಫ್ಲಾಸ್ಕ್ ಚಹಾ, ಒಂದು ವಿಷಯ. ಅವನು ಆ ಹಾಡು ಕೇಳಿಸಿದ ದಿನದ ವಿಷಯ "ಇವತ್ತಿನ ಕತೆ, ಹಾಡು, ಚಿತ್ರಗಳಲ್ಲಿ ತಾಯಿ". ಮೊದಲ ಮಾತು ನನ್ನದು.

ನಾನು ಹೇಳಿದ್ದರ ತಾತ್ಪರ್ಯ ಇಷ್ಟು. ನಮ್ಮ ಕತೆಗಳಲ್ಲಿ ತಾಯಿ ಒಂದು ಪಾತ್ರವೇ ಅಲ್ಲ, ಪೀಠೋಪಕರಣ. ಅವಳು ಕಾಯುತ್ತಾಳೆ, ಬಡಿಸುತ್ತಾಳೆ, ಸಾಯುತ್ತಾಳೆ. ಮಗನಿಗೆ ಪಶ್ಚಾತ್ತಾಪ ಆಗಲಿ ಎಂದೇ ಸಾಯುತ್ತಾಳೆ. ಸಿನಿಮಾ ಹಾಡಿನಲ್ಲಿ ಅವಳಿಗೆ ಕಣ್ಣೀರು ಬಿಟ್ಟು ಬೇರೆ ಸ್ವರವಿಲ್ಲ. ಚಿತ್ರಗಳಲ್ಲಿ ನೋಡಿ, ತಾಯಿಯ ಮುಖ ಯಾವಾಗಲೂ ಮಗುವಿನ ಕಡೆಗೆ ಬಾಗಿರುತ್ತದೆ. ಅವಳು ಕಿಟಕಿಯ ಕಡೆ ನೋಡುತ್ತಿರುವ ಒಂದು ಚಿತ್ರ ತೋರಿಸಿ. ತನ್ನದೇ ಮುಖ ನೋಡಿಕೊಳ್ಳುತ್ತಿರುವ ಒಂದು ಚಿತ್ರ ತೋರಿಸಿ. ಯಾರಿಗೂ ಕೆಡುಕಾಗದ ಒಂದು ಸಣ್ಣ ಸುಳ್ಳನ್ನು ಸುಮ್ಮನೆ ತನ್ನ ಖುಷಿಗೆ ಹೇಳುವ ತಾಯಿಯನ್ನು ನಮ್ಮ ಯಾವ ಹಾಡುಗಾರ ಕಂಡಿದ್ದಾನೆ?

ಚಪ್ಪಾಳೆ ಬಿತ್ತು. ಅಂಕಲ್, "ಏನು ಮಾರಾಯ್ತಿ, ಒಂದು ತಾಯಿಯನ್ನೂ ಬಿಡಲಿಲ್ಲವಲ್ಲ!" ಎಂದರು. ಎಲ್ಲ ನಕ್ಕರು. ಅವನು ಮಾತ್ರ ನಗದೆ ಫೋನನ್ನು ಅಂಕಲ್ ಅವರ ಸ್ಪೀಕರಿಗೆ ಜೋಡಿಸುತ್ತಿದ್ದ.

"ನನ್ನ ಹತ್ರ ವಾದ ಎಲ್ಲ ಇಲ್ಲ," ಎಂದ. "ಒಂದು ಹಾಡು ಉಂಟು. ಶುಕ್ರವಾರ ನನಗೆ ರೊಟ್ಟಿ ಹಾಕುವ ಒಬ್ಬರು ಹೇಳಿದ್ದು."

ಎಲ್ಲರೂ ನನ್ನ ಕಡೆ ತಿರುಗಿದರು. ಅವನಿಗೆ ರೊಟ್ಟಿ ಹಾಕುವವರು ಯಾರೆಂದು ಬಳಗಕ್ಕೆಲ್ಲ ಗೊತ್ತು.

ಹಾಡಿನಲ್ಲಿ ಒಬ್ಬ ಹೆಂಗಸು ಇದ್ದಾಳೆ. ಮದುವೆಯಾಗಿ ಹೊಸದಾಗಿ ಕುವೈತಿಗೆ ಬಂದವಳು, ಇನ್ನೂ ಮಗುವಿಲ್ಲ. ಗಂಡ ಡ್ಯೂಟಿಗೆ ಹೋದ ಮೇಲೆ, ವಾರಕ್ಕೊಮ್ಮೆ, ಇದ್ದುದರಲ್ಲೇ ಚಂದದ ಇಳಕಲ್ ಸೀರೆ ಉಟ್ಟು ಹವಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗುತ್ತಾಳೆ. ಟೇಪ್‌ರೆಕಾರ್ಡರ್ ತೋರಿಸಿ ಎನ್ನುತ್ತಾಳೆ. ಅಂಗಡಿಯವನು ಖಾಲಿ ಕ್ಯಾಸೆಟ್ ಹಾಕಿ, ಕೆಂಪು ಗುಂಡಿ ಒತ್ತಿ, "ಕುಛ್ ಬೋಲಿಯೇ ಸಿಸ್ಟರ್" ಎನ್ನುತ್ತಾನೆ. ಬೇರೆ ಗಿರಾಕಿಗಳು ಹಲೋ ಹಲೋ, ಒನ್ ಟೂ ತ್ರೀ ಎನ್ನುತ್ತಾರೆ. ಇವಳು ಹಾಡುತ್ತಾಳೆ. ಬೀಸುವಾಗ ಹಾಡುವ ಒಂದು ಪದ, ಪೂರ್ತಿ. ಅವನು ತಿರುಗಿಸಿ ಹಾಕುತ್ತಾನೆ. ತನ್ನ ದನಿ ತಾನೇ ಕೇಳುತ್ತಾ ಗಾಜಿನ ಕಪಾಟಿಗೆ ಒರಗಿ ನಿಲ್ಲುತ್ತಾಳೆ. ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು, "ಮನಿಯವ್ರನ್ನ ಕೇಳಿ ಬರ್ತೀನ್ರಿ" ಎಂದು ಹೊರಡುತ್ತಾಳೆ. ಮುಂದಿನ ವಾರ ಬೇರೆ ಅಂಗಡಿ. ಮನೆಯವರನ್ನು ಕೇಳುವುದೇ ಇಲ್ಲ. ಕೊಳ್ಳುವ ಉದ್ದೇಶ ಮೊದಲಿಂದಲೂ ಇಲ್ಲ.

ಇಳಕಲ್ ಸೀರಿ ಉಟಗೊಂಡು ಬಂದಾಳ ನೋಡ,
ಏನೂ ಕೊಳ್ಳದಾಕಿ, ಎಲ್ಲಾ ಬಿಟ್ಟ ಹೋದಾಕಿ,
ಮನಿಯವ್ರನ್ನ ಕೇಳಿ ಬರ್ತೀನ್ರಿ...

ಸಮುದ್ರದ ದಂಡೆಯ ಹುಡುಗ ನಮ್ಮ ಕಡೆಯ ಕನ್ನಡದಲ್ಲಿ ಹಾಡುತ್ತಿದ್ದಾನೆ. ಒಂದು ತಪ್ಪು ಸಿಗಲಿ ಎಂದು ಕಾದೆ. ಒಂದೇ ಒಂದು ಮಾತು ಸಿನಿಮಾದ ಹಾಸ್ಯಪಾತ್ರದ ಹಾಗೆ ಕೇಳಿಸಿದ್ದರೆ ಸಾಕಿತ್ತು, ಅದನ್ನೇ ಹಿಡಿದು ಎಳೆದಾಡುತ್ತಿದ್ದೆ. ಸಿಗಲಿಲ್ಲ. ಅದು ಮಮ್ಮಿಯ ಮಾತು, ಮಮ್ಮಿಯ ಉಸಿರು. ನಾನು ಮಾತಾಡಿದರೆ ಆ ಕನ್ನಡ ಹಾಗೆ ಕೂರುವುದಿಲ್ಲ. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದವಳು ನಾನು. ಕನ್ನಡ ಓದಲು ಬರೆಯಲು ಕಲಿತದ್ದು ಶನಿವಾರದ ತರಗತಿಯಲ್ಲಿ, ಪುಸ್ತಕದಿಂದ. ಮನೆಯಲ್ಲಿ ಉಚಿತವಾಗಿ ಸಿಗುತ್ತಿದ್ದದ್ದನ್ನು ಅವನು ಸ್ಟೂಲಿನ ಮೇಲೆ ಕುಳಿತು ಒಯ್ದಿದ್ದ.

ಹಾಡು ಮುಗಿದಾಗ ಆಂಟಿಯೊಬ್ಬರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ನಿನ್ನ ಅಮ್ಮನಾ? ಎಷ್ಟು ಚಂದ! ನೀನೇ ಅವನಿಗೆ ಹೇಳಿದ್ದಲ್ವಾ?"

"ಹೂಂ," ಎಂದೆ.

ಆ "ಹೂಂ" ಹೇಳುವಾಗ ನಾನು ನಗುತ್ತಲೂ ಇದ್ದೆ. ನಿಜವೆಂದರೆ, ನನ್ನ ತಾಯಿ ಹಾಡುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇಲ್ಲಿನ ಕನ್ನಡ ಸಂಘದ ಪ್ರತಿ ಕಾರ್ಯಕ್ರಮದಲ್ಲೂ ಹೆಂಗಸರನ್ನು ಹಾಡಲು ಕರೆದಾಗ ಅವಳು, "ಶೀತ ಆಗೇತ್ರಿ" ಎನ್ನುತ್ತಿದ್ದಳು. ನಾನು ನಂಬಿದ್ದೆ. ಎಲ್ಲವನ್ನೂ ಅನುಮಾನಿಸುವ ನಾನು, ಮರುಭೂಮಿಯಲ್ಲಿ ವರ್ಷಗಟ್ಟಲೆ ಬಿಡದ ಆ ಶೀತವನ್ನು ಮಾತ್ರ ಅನುಮಾನಿಸಲಿಲ್ಲ.

ಮೆಟ್ಟಿಲಲ್ಲಿ ಅವನನ್ನು ತಡೆದು ನಿಲ್ಲಿಸಿದೆ. ತತ್ವ ಬಂದದ್ದು ಇಲ್ಲಿ.

"ಬದುಕಿರುವ ಒಬ್ಬ ಹೆಂಗಸಿನ ಖಾಸಗಿ ವಿಷಯ. ಅದನ್ನು ನೀನು ಊರಿಗೆಲ್ಲ ಹಾಡಬಹುದಾ?"

"ಅವ್ವನನ್ನು ಕೇಳಿಯೇ ಮಾಡಿದ್ದು."

"ಕೇಳಿದರೆ ಆಯಿತಾ? ಏನಾಗುತ್ತದೆ ಅಂತ ಅವಳಿಗೆ ಗೊತ್ತಿರಬೇಕು. ಅಪ್ಪ ಕೇಳಿದರೆ?"

"ನಿನ್ನ ಅಪ್ಪನೂ ಕೇಳಿದ್ದಾರೆ. ಹೋದ ವಾರ ಊಟ ಆದ ಮೇಲೆ ಅಡುಗೆಮನೆಯಲ್ಲೇ ಹಾಕಿದೆ. ಹಾಡ ಛಲೋ ಐತಿ, ಯಾರ ಕತಿ ಇದು ಅಂತ ಕೇಳಿದರು. ಅವ್ವ ನೀರು ಕುಡಿಯುತ್ತಾ ಇದ್ದವರು ನೆತ್ತಿಗೆ ಹತ್ತಿಸಿಕೊಂಡರು."

ಅವನು ನಕ್ಕ. ನನಗೂ ನಗು ಬರುತ್ತಿತ್ತು. ಅದನ್ನು ತಡೆದದ್ದರಿಂದ ಸಿಟ್ಟು ಇನ್ನಷ್ಟು ಏರಿತು. ಒಂದು ವಾದ ಬಿದ್ದರೆ ಇನ್ನೊಂದನ್ನು ಎತ್ತಬೇಕು, ಅದು ನನ್ನ ತರಬೇತಿ.

"ಸರಿ. ನನಗೆ ಯಾಕೆ ಮೊದಲು ಕಳಿಸಲಿಲ್ಲ? ಪ್ರತಿ ಹಾಡೂ ಕಳಿಸುತ್ತಿದ್ದೆಯಲ್ಲ."

"ಕಳಿಸಿದ್ದರೆ ನೀನು ತಿದ್ದುತ್ತಿದ್ದೆ."

"ತಿದ್ದಿದರೆ ಏನು?"

"ಎಂತ ತಿದ್ದುವುದು ಮಾರಾಯ್ತಿ, ಅವರು ಹೇಳಿದ್ದನ್ನು?" ಕಾರಿನ ಕೀಲಿ ಹೊರತೆಗೆದು, "ನಿನಗೆ ಕೋಪ ಎಂತಕ್ಕೆ ಅಂತಲೇ ನನಗೆ ಗೊತ್ತಾಗುವುದಿಲ್ಲ. ನೀನು ಅಲ್ಲೇ ಇದ್ದಿಯಲ್ಲ. ಅವರು ಇದನ್ನು ಹೇಳುವಾಗ ನೀನು ಸೋಫಾದಲ್ಲಿ ಇದ್ದೆ," ಎಂದ.

ಕಿವಿಗೆ ಹೆಡ್‌ಫೋನ್ ಇತ್ತು ಎಂದು ಅವನು ಸೇರಿಸಲಿಲ್ಲ. ಸೇರಿಸಿದ್ದರೆ ಜಗಳಕ್ಕೆ ಒಂದು ಹಿಡಿ ಸಿಗುತ್ತಿತ್ತು. ಎದುರಾಳಿಗೆ ಹಿಡಿ ಕೊಡದೆ ಸುಮ್ಮನಿರುವುದು ಅವನ ಹಳೆಯ ವಿದ್ಯೆ.

ಅಷ್ಟರಲ್ಲಿ ಇನ್ನೊಂದು ಸಂಗತಿ ನನ್ನೊಳಗೆ ಚುಚ್ಚತೊಡಗಿತ್ತು. ಅವನ ಹಾಡುಗಳನ್ನೆಲ್ಲ ಬಲ್ಲವಳು ನಾನು. ಅವನ ಪಲ್ಲವಿಗಳೆಲ್ಲ ಕೊನೆಗೆ ಇಳಿಯುತ್ತವೆ, ಕೆಲಸ ಮುಗಿಸಿ ಕುರ್ಚಿಗೆ ಕುಸಿಯುವವರ ಹಾಗೆ. ಎಷ್ಟು ಸಲ ಅದಕ್ಕೇ ಬೈದಿದ್ದೇನೆ. ಈ ಪಲ್ಲವಿ ಇಳಿಯಲಿಲ್ಲ. "ಬರ್ತೀನ್ರಿ" ಎಂಬಲ್ಲಿ ಏರಿತು, ಏರಿದ್ದು ಅಲ್ಲೇ ನಿಂತಿತು. ತಲೆಯ ಮೇಲೆ ಹೊರೆ ಇಟ್ಟುಕೊಂಡವರು ಕೊನೆಯ ಮೆಟ್ಟಿಲಿನಲ್ಲಿ ಒಂದು ಗಳಿಗೆ ನಿಲ್ಲುತ್ತಾರಲ್ಲ, ಹಾಗೆ. ಲ್ಯಾಪ್‌ಟಾಪಿನಲ್ಲಿ ಹುಟ್ಟಿದ ರಾಗ ಅದಲ್ಲ.

"ಪಲ್ಲವಿಯ ಧಾಟಿ ಎಲ್ಲಿಂದ ಬಂತು?"

ಅವನು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ.

"ಅದು ನನ್ನದಲ್ಲ."

"ಯಾರದ್ದು? ಹೇಗೆ ಸಿಕ್ಕಿತು?"

"ಅವ್ವನನ್ನೇ ಕೇಳು."

ಅಂದು ಅವನ ಕಾರು ಹತ್ತಲಿಲ್ಲ. ಟ್ಯಾಕ್ಸಿ ಮಾಡಿಕೊಂಡು ಮನೆಗೆ ಹೋದೆ. ಮಾತು ಬಿಟ್ಟದ್ದು ಹೀಗೆ. ತತ್ವ ಎಲ್ಲಿದೆ ಇದರಲ್ಲಿ, ನೀವೇ ಹೇಳಿ.

ಮಮ್ಮಿ ಅವನಿಗೆ ಕತೆ ಹೇಳಿದ್ದನ್ನು ನಾನು ಸಹಿಸಿಕೊಂಡೇನು. ತಾಯಂದಿರು ಊಟ ಬಡಿಸುವಾಗ ಯಾರಿಗಾದರೂ ಏನನ್ನಾದರೂ ಹೇಳುತ್ತಾರೆ. ಆದರೆ ಅವಳು ಅವನ ಮುಂದೆ ಹಾಡಿದ್ದರೆ? ಇಪ್ಪತ್ತು ಚಿಲ್ಲರೆ ವರ್ಷ ಸಂಘದವರಿಗೆ ಶೀತ, ಗಂಡನಿಗೆ ಶೀತ, ಮಗಳಿಗೆ ಶೀತ. ಸ್ಟೂಲಿನ ಮೇಲೆ ಕುಳಿತ ಊರಿನವನಲ್ಲದ ಹುಡುಗನಿಗೆ ಮಾತ್ರ ಶೀತವಿಲ್ಲವೇ? ಆ ದನಿಯನ್ನು ಹವಲ್ಲಿಯ ಅಂಗಡಿಯವರೂ ಕೇಳಿದ್ದಾರೆ. ಅವರ ಹೆಸರು ಮುಖ ಗೊತ್ತಿಲ್ಲದ್ದರಿಂದ ಅವರ ಮೇಲೆ ಹೊಟ್ಟೆಕಿಚ್ಚು ಪಡಲು ಆಗುವುದಿಲ್ಲ. ಇವನ ಮುಖ ನನಗೆ ಚೆನ್ನಾಗಿ ಗೊತ್ತು.

ನನ್ನ ಆಫೀಸೂ ಹವಲ್ಲಿಯಲ್ಲೇ. ಮಧ್ಯೆ ಒಂದು ದಿನ ಊಟದ ಬಿಡುವಿನಲ್ಲಿ ಆ ಬೀದಿಗೆ ಹೋದೆ. ಟೇಪ್‌ರೆಕಾರ್ಡರ್ ಎಲ್ಲಿಂದ ಬರಬೇಕು, ಎಲ್ಲ ಕಡೆ ಫೋನು, ಫೋನಿನ ಕವರು, ಚಾರ್ಜರಿನ ಬಳ್ಳಿಗಳು. ಒಂದು ಅಂಗಡಿಯಲ್ಲಿ ಪಾಡ್‌ಕಾಸ್ಟ್ ಮಾಡುವವರು ಬಳಸುವ ಮೈಕು ಇತ್ತು. ತೋರಿಸಿ ಎಂದೆ. ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಚುಚ್ಚಿ, "ಬೋಲಿಯೇ ಮೇಡಂ" ಎಂದ. ಬಾಯಿ ತೆರೆದೆ. ಹೊರಗೆ ಬಂದದ್ದು, "ಮಾನ್ಯ ತೀರ್ಪುಗಾರರೇ."

ತಿರುಗಿಸಿ ಹಾಕಿದ. ಸ್ಪಷ್ಟವಾಗಿತ್ತು. ಬಹುಮಾನ ಗೆದ್ದ ದನಿ. ಅದನ್ನು ಎರಡನೆಯ ಸಲ ಕೇಳಬೇಕೆಂದು ನನಗೇ ಅನಿಸಲಿಲ್ಲ.

"ಪ್ಯಾಕ್ ಕರೂಂ ಮೇಡಂ?" ಎಂದ.

ಅವಳ ಸಾಲನ್ನು ಹೇಳಿ ಹೊರಡೋಣವೆಂದರೆ, ನನ್ನ ಹತ್ತಿರ ಕಾರ್ಡ್ ಇತ್ತು, ಕೇಳಿ ಬರಲು ಗಂಡ ಇರಲಿಲ್ಲ. ಮೈಕು ಕೊಂಡುಕೊಂಡೆ. ಇನ್ನೂ ಡಬ್ಬಿ ಬಿಚ್ಚಿಲ್ಲ.

ಮುಂದಿನ ಶುಕ್ರವಾರ ಅವನು ಬರಲಿಲ್ಲ. ಅಪ್ಪ ಡ್ಯೂಟಿಗೆ ಹೋಗಿದ್ದರು. ಮಮ್ಮಿ ಬಿಸಿನೀರು ಹಾಕಿ ಹಿಟ್ಟು ನಾದುತ್ತಾ, "ಇವತ್ತ ಅಂವ ಬರಂಗಿಲ್ಲೇನು?" ಎಂದು ಎರಡು ಸಲ ಕೇಳಿದಳು. "ಐ ಡೋಂಟ್ ನೋ" ಎಂದೆ, ಎರಡು ಸಲವೂ. ಆಮೇಲೆ ಹೆಡ್‌ಫೋನನ್ನು ಸೋಫಾದ ಮೇಲೆ ಬಿಟ್ಟು ಹೋಗಿ ಆ ಸ್ಟೂಲಿನ ಮೇಲೆ ಕುಳಿತೆ. ಬಲು ಗಿಡ್ಡ. ಕುಳಿತರೆ ಎದುರಿಗೆ ಕಾಣುವುದು ಅವಳ ಮುಖವಲ್ಲ, ರೊಟ್ಟಿ ಬಡಿಯುವ ಕೈ. ಅವನು ಇಷ್ಟು ವರ್ಷ ನೋಡಿದ್ದು ಇದನ್ನು.

"ಯಾಕವಾ, ಏನ ಬೇಕಿತ್ತ?"

"ಏನಿಲ್ಲ. ಸುಮ್ಮನೆ." ಕನ್ನಡದಲ್ಲಿ ಹೇಳಿದೆ. ಅವಳು ಒಮ್ಮೆ ತಿರುಗಿ ನೋಡಿ ಮತ್ತೆ ಬಡಿಯತೊಡಗಿದಳು.

"ಆ ಹಾಡಿನಲ್ಲಿ ಇರುವುದೆಲ್ಲ ನಿಜವಾ?"

"ಅಂಗಡ್ಯಾಂವ ಒಬ್ಬ ಚಹಾ ತರಿಸಿ ಕೊಟ್ಟಿದ್ದ. ಮತ್ತೊಮ್ಮೆ ಹಾಡ್ರಿ ಸಿಸ್ಟರ್ ಅಂದಿದ್ದ. ಅದನ್ನ ಬಿಟ್ಟಾನ ನೋಡ ಹುಡುಗ," ಎಂದಳು. ತನ್ನ ಪಾತ್ರದ ಬಗ್ಗೆ ಅವಳ ಆಕ್ಷೇಪಣೆ ಅದೊಂದೇ.

"ನನಗ್ಯಾಕೆ ಹೇಳಲಿಲ್ಲ?"

"ಹೇಳೀನಲ್ಲವಾ. ನೀ ಹತ್ತನೇ ಕ್ಲಾಸಿನ್ಯಾಗ ಇದ್ದಾಗ, ನಿನಗ ಯಾವುದೋ ಕಪ್ ಬಂದಿತ್ತಲ್ಲಾ, ಆವತ್ತ ಹೇಳೀನಿ. ನೀ 'ಓಕೆ ಮಮ್ಮಿ' ಅಂದಿ."

ನನಗೆ ನೆನಪಿಲ್ಲ. ಪುರಾವೆ ಇಲ್ಲದ ಹೇಳಿಕೆ ಎಂದು ತಳ್ಳಿಹಾಕಬಹುದಿತ್ತು. ಆದರೆ "ಓಕೆ ಮಮ್ಮಿ" ಎಂಬುದು ಖಂಡಿತ ನನ್ನ ಮಾತು. ಆ ಸಾಕ್ಷಿಯನ್ನು ಒಡೆಯುವುದು ಕಷ್ಟ.

ಅವಳು ರೊಟ್ಟಿಯನ್ನು ತವೆಗೆ ಹಾಕಿ, ನೀರು ಸವರಿ, ಮಗುಚಿದಳು. ಹಿಟ್ಟು ಹಳತು, ಅಂಚು ಹರಿದಿತ್ತು. ಅದನ್ನೇ ನನ್ನ ತಟ್ಟೆಗೆ ಹಾಕಿದಳು. ಅವನಿಗೆ ಯಾವಾಗಲೂ ಹರಿಯದ್ದನ್ನು ಆರಿಸಿ ಹಾಕುತ್ತಿದ್ದಳು ಎಂಬುದು ನೆನಪಾಯಿತು. ಅತಿಥಿಗೆ ಹಾಗೆ ಮಾಡುವುದು ಸಹಜ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡರೂ ನೋವು ಕಡಿಮೆಯಾಗಲಿಲ್ಲ. ಅವನ ಹಾಗೆ "ಅವ್ವಾ" ಎಂದು ಕರೆದು ಕೇಳೋಣವೆಂದರೆ ನಾಲಿಗೆ ಏಳಲಿಲ್ಲ. ಆ ಕರೆ ಈಗ ಅವನದ್ದಾಗಿಬಿಟ್ಟಿತ್ತು.

"ಮಮ್ಮಿ, ಆ ಧಾಟಿ. 'ಬರ್ತೀನ್ರಿ' ಅಂತ ಮೇಲೆ ಹೋಗುತ್ತದಲ್ಲ. ಅದು ಅವನಿಗೆ ಹೇಗೆ ಗೊತ್ತಾಯಿತು?"

ಬಡಿಯುವ ಕೈ ನಿಂತಿತು. ಹಿಟ್ಟಿನ ಮೇಲೆ ಅಂಗೈ ಹಾಗೇ ಇತ್ತು. ಅವಳ ಮುಖ ಕಾಣಲೆಂದು ನಾನು ಸ್ಟೂಲಿನಿಂದ ಎದ್ದೆ. ಅವಳು ಕಿಟಕಿಯ ಕಡೆ ತಿರುಗಿದ್ದಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ಎದುರು ಕ್ವಾರ್ಟರ್ಸಿನ ಗೋಡೆ, ಒಂದು ಏಸಿ ಡಬ್ಬಿ. ಆದರೂ ತುಟಿಯ ಅಂಚಿನಲ್ಲಿ ಏನೋ ಇತ್ತು. ನಾನು ಯಾವ ಚಿತ್ರದಲ್ಲೂ ಕಾಣಲಿಲ್ಲವೆಂದು ಬಳಗದ ಮುಂದೆ ದೂರಿದ್ದು ಅದನ್ನೇ.

"ತಿನ್ನವಾ," ಎಂದಳು, "ಆರಿದ್ರ ಜಗ್ಗತೈತಿ."

ಕೈ ಮತ್ತೆ ಬಡಿಯತೊಡಗಿತು, ಮೊದಲಿಗಿಂತ ಸ್ವಲ್ಪ ಜೋರಾಗಿ. ನಾನು ತಿನ್ನಲಿಲ್ಲ.

"ಮಮ್ಮಿ, ನೀನು ಅವನ ಮುಂದೆ ಹಾಡಿದಿಯಾ?"